ಏಳು ವರ್ಷದ ಮಗಳು, ಮೂರು ಅಡಿ ನೀರು, ಗ್ರಿಲ್ ಆಚೆ ನಾನು

ಮಗಳ ಬೇಸಿಗೆ ಈಜು ಶಿಬಿರ ಕಳೆದ ವಾರ ಮುಗಿಯಿತು. ಮುಂದಿನ ಬ್ಯಾಚಿಗೆ ಸೇರಿಸಬೇಕು ಅಂತಿರುವವರು ನಮ್ಮ ಬೀದಿಯಲ್ಲೇ ಮೂರ್ನಾಲ್ಕು ಮನೆಯವರಿದ್ದಾರೆ. ಎಲ್ಲರದ್ದೂ ಒಂದೇ ಪ್ರಶ್ನೆ: "ಎಷ್ಟು ದಿನಕ್ಕೆ ಈಜು ಬರುತ್ತೆ?" ಬ್ಯಾನರ್‌ನಲ್ಲಿ 21 ದಿನ ಅಂತ ಬರೆದಿರುತ್ತಾರೆ. ಅದನ್ನು ನಂಬಿ ಹೋದರೆ ಮಗುವಿಗೂ ಕಷ್ಟ, ನಿಮಗೂ ಕಷ್ಟ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ನಾವಿರೋದು ಬೆಂಗಳೂರಿನಲ್ಲಿ. ಬೇರೆ ಊರಿನವರು ಫೀ ಒಂದನ್ನು ಬದಲಿಸಿಕೊಂಡು ಓದಿ, ಉಳಿದದ್ದು ಹೆಚ್ಚುಕಮ್ಮಿ ಎಲ್ಲ ಕಡೆ ಹೀಗೇ ಇರುತ್ತೆ.

ಮೊದಲು ಯಾಕೆ ಸೇರಿಸಿದೆವು ಅಂತ ಹೇಳಿಬಿಡುತ್ತೇನೆ. ನಮ್ಮೂರು ಶಿರಾ ಕಡೆ. ನಮ್ಮಪ್ಪನ ಕಾಲಕ್ಕೆ ತೋಟದಲ್ಲಿ ತೆರೆದ ಬಾವಿ ಇತ್ತು. ಸೊಂಟಕ್ಕೆ ಹಗ್ಗ, ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ಹುಡುಗರನ್ನು ನೀರಿಗೆ ಬಿಡುತ್ತಿದ್ದರಂತೆ. ಅಪ್ಪ ಹಾಗೇ ಕಲಿತರು. ನಾನು ಈಜು ಕಲಿಯುವ ವಯಸ್ಸಿಗೆ ಬಂದಾಗ ಬೋರ್‌ವೆಲ್‌ಗಳ ಕಾಲ. ಬಾವಿ ಬತ್ತಿ ಕಸ ಸುರಿಯುವ ಗುಂಡಿ ಆಗಿತ್ತು. ನನ್ನ ಓರಗೆಯವರಲ್ಲಿ ಈಜು ಬರುವವರೇ ಇಲ್ಲ. ಈಗ ನೋಡಿದರೆ ಅದೇ ತೋಟದ ಪಕ್ಕ ಕೃಷಿ ಹೊಂಡ ತೋಡಿಸಿದ್ದೇವೆ. ಒಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಿರುವ ಹೊಂಡ. ನೀರು ನಿಂತು ಪಾಚಿ ಕಟ್ಟಿದರೆ ದೊಡ್ಡವರು ಜಾರಿ ಬಿದ್ದರೂ ಹತ್ತಿ ಬರೋಕೆ ಆಗೋಲ್ಲ, ಕೈಗೆ ಹಿಡಿತವೇ ಸಿಗೋಲ್ಲ. ರಜೆಗೆ ಹೋದ ಮಕ್ಕಳಿಗೆ ಆಟ ಆಡೋಕೆ ಅದರ ಸುತ್ತಲೇ ಆಗಬೇಕು. ನೀರು ವಾಪಸ್ ಬಂತು, ಈಜು ಬರುವವರು ಮಾತ್ರ ಇಲ್ಲ. ಈ ಯೋಚನೆ ಎರಡು ವರ್ಷದಿಂದ ತಲೆ ತಿನ್ನುತ್ತಿತ್ತು.

2024ರಲ್ಲೇ ಸೇರಿಸಬೇಕು ಅಂತಿದ್ದೆವು. ಆ ವರ್ಷ ಬೆಂಗಳೂರಿನ ನೀರಿನ ಕಥೆ ನಿಮಗೆಲ್ಲ ನೆನಪಿರಬೇಕು. ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಮಾರ್ಚ್‌ನಲ್ಲಿ ಆದೇಶ ಹೊರಡಿಸಿತು. ನಾವು ವಿಚಾರಿಸಿದ್ದ ಪೂಲ್ ಬಾಗಿಲು ಹಾಕಿತು. ಹಾಗಾಗಿ ಈಗ ಪೂಲ್ ನೋಡೋಕೆ ಹೋದರೆ ನಾನು ಕೇಳುವ ಮೊದಲ ಪ್ರಶ್ನೆ, "ನೀರು ಎಲ್ಲಿಂದ ತರಿಸ್ತೀರಿ?" ಬೇಸಿಗೆ ಮಧ್ಯದಲ್ಲಿ ಟ್ಯಾಂಕರ್ ನಿಂತರೆ ಕ್ಲಾಸೂ ನಿಲ್ಲುತ್ತೆ, ಕಟ್ಟಿದ ಫೀ ವಾಪಸ್ ಬರೋಲ್ಲ.

ಪೂಲ್ ಹುಡುಕೋಕೆ ಹೊರಟಾಗ ಮೂರು ಥರ ಸಿಕ್ಕವು. ಅಪಾರ್ಟ್‌ಮೆಂಟ್ ಪೂಲ್‌ಗೆ ಬರುವ ಖಾಸಗಿ ಕೋಚ್ ಒಂದು. ಕ್ಲಬ್ ಪೂಲ್ ಇನ್ನೊಂದು. ಅದಕ್ಕೆ ಸದಸ್ಯರ ಶಿಫಾರಸು ಬೇಕಿತ್ತು. ಮೂರನೆಯದು ಎಲ್ಲರಿಗೂ ಪ್ರವೇಶ ಇರುವ ದೊಡ್ಡ ಪೂಲ್‌ನ ಬೇಸಿಗೆ ಶಿಬಿರ. ಬಸವನಗುಡಿ ಅಕ್ವಾಟಿಕ್ ಸೆಂಟರ್‌ನಂಥ ಹೆಸರಾಂತ ಕಡೆಗೇ ಸೇರಿಸಿ ಅಂತ ಗೆಳೆಯರು ಹೇಳಿದರು. ನಮ್ಮ ಮಗಳು ಇನ್ನೂ ಮುಖ ತೊಳೆಯುವಾಗ ಕಣ್ಣಿಗೆ ನೀರು ಹೋಯ್ತು ಅಂತ ಅಳುವವಳು. ಇಂಥವಳಿಗೆ ಪೂಲ್‌ನ ಹೆಸರಿಗಿಂತ ಮನೆಗೆ ಹತ್ತಿರ ಇರೋದು ಮುಖ್ಯ ಅಂತ ನನ್ನ ಹೆಂಡತಿ ಹೇಳಿದಳು. ಅವಳು ಹೇಳಿದ್ದೇ ಸರಿ. ಬೆಳಿಗ್ಗೆ ಆರೂವರೆಗೆ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿಕೊಂಡು ಹೋಗುವ ಮಗು ಪೂಲ್ ತಲುಪುವ ಹೊತ್ತಿಗೇ ಸುಸ್ತಾಗಿರುತ್ತೆ.

ಫೀ ಕಟ್ಟುವ ಮುಂಚೆ ಒಂದು ದಿನ ಬ್ಯಾಚ್ ನಡೆಯುವ ಹೊತ್ತಿಗೇ ಹೋಗಿ ಸುಮ್ನೆ ನಿಂತು ನೋಡಿ. ಪೂಲ್‌ನವರು ನೋಡೋದು ಬೇಡ ಅಂದರೆ ಆ ಪೂಲೇ ಬೇಡ. ಒಬ್ಬ ಕೋಚ್ ಕೈಕೆಳಗೆ ಎಷ್ಟು ಮಕ್ಕಳಿದ್ದಾರೆ ಅಂತ ಎಣಿಸಿ. ಹೊಸಬರ ಗುಂಪಿನಲ್ಲಿ ಆರೇಳು ಮಕ್ಕಳಿದ್ದರೆ ಪರವಾಗಿಲ್ಲ. ಒಂದು ಕಡೆ ಹದಿನೈದಕ್ಕೂ ಜಾಸ್ತಿ ಮಕ್ಕಳು ಗೋಡೆ ಹಿಡಿದು ನಿಂತಿದ್ದರು. ತಮ್ಮ ಸರದಿ ಬರುವ ಹೊತ್ತಿಗೆ ಅರ್ಧ ಜನ ನಡುಗುತ್ತಿದ್ದರು. ಕಲಿಸುವ ಕೋಚ್ ಬೇರೆ, ನೀರನ್ನೇ ನೋಡುತ್ತಾ ಕೂರುವ ಲೈಫ್‌ಗಾರ್ಡ್ ಬೇರೆ ಇರಬೇಕು. ಕೋಚ್ ಒಂದು ಮಗುವಿನ ಕಾಲು ಹಿಡಿದಿದ್ದಾಗ ಉಳಿದವರನ್ನು ಯಾರು ನೋಡ್ತಾರೆ? ಆಮೇಲೆ ಆಳ. ನಾವು ಸೇರಿಸಿದ ಪೂಲ್‌ನಲ್ಲಿ ಒಂದು ತುದಿ ಮೂರು ಅಡಿ, ಹೋಗ್ತಾ ಹೋಗ್ತಾ ಇಳಿಜಾರು. ಮಗಳ ಎದೆಮಟ್ಟಕ್ಕೆ ನೀರು. ಮಗು ನಿಂತರೆ ಬಾಯಿ ನೀರಿನಿಂದ ಮೇಲಿರಬೇಕು. ಹೊಸಬರಿಗೆ ಅದು ಮೊದಲ ಲೆಕ್ಕ.

ನೀರಿನ ವಿಷಯ. ತಳದ ಗೆರೆಗಳು ಮೇಲಿಂದ ಸ್ಪಷ್ಟವಾಗಿ ಕಾಣಬೇಕು. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಹೊಡೆಯುವ ಘಾಟು ಬಂದರೆ "ಆಹಾ, ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ" ಅಂದುಕೊಳ್ಳಬೇಡಿ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಹುಟ್ಟುವ ಕ್ಲೋರಮಿನ್‌ನ ವಾಸನೆ ಅದು. ಸರಿಯಾಗಿ ನೋಡಿಕೊಂಡ ಪೂಲ್‌ಗೆ ಅಷ್ಟೊಂದು ವಾಸನೆ ಇರೋಲ್ಲ. ಗೋಡೆ ಮೇಲೆ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ), ಕ್ಲೋರಿನ್ ಬರೆಯುವ ಬೋರ್ಡ್ ಇದೆಯಾ ನೋಡಿ. ಪಿಎಚ್ 7.2ರಿಂದ 7.8ರ ಒಳಗಿದ್ದರೆ ಒಳ್ಳೆಯದು. ಬೋರ್ಡ್ ಇದ್ದು, ಹೋದ ತಿಂಗಳ ತಾರೀಖು ಇದ್ದರೆ, ಅರ್ಥ ನಿಮಗೇ ಗೊತ್ತಾಗುತ್ತೆ.

ಇನ್ನು ಕಾಗದಪತ್ರ. ಅರ್ಜಿ ಫಾರಂ, ಪಾಸ್‌ಪೋರ್ಟ್ ಸೈಜ್ ಫೋಟೋ, ಮಗುವಿನ ಆಧಾರ್ ಮತ್ತು ಜನನ ಪ್ರಮಾಣಪತ್ರದ ಜೆರಾಕ್ಸ್, ಅಪ್ಪ ಅಥವಾ ಅಮ್ಮನ ಆಧಾರ್, ಡಾಕ್ಟರ ಫಿಟ್‌ನೆಸ್ ಸರ್ಟಿಫಿಕೇಟ್, ಕೊನೆಗೊಂದು ಮುಚ್ಚಳಿಕೆ ಪತ್ರ. ಇಷ್ಟೂ ಒಂದೇ ಸಲ ತನ್ನಿ ಅಂತ ಯಾರೂ ಹೇಳಲಿಲ್ಲ. ಕೌಂಟರಿನಲ್ಲಿ ಒಂದೊಂದೇ ಹೊರಬಂತು. ಫಿಟ್‌ನೆಸ್ ಸರ್ಟಿಫಿಕೇಟ್ ಅಂತೂ ಸತಾಯಿಸಿಬಿಟ್ಟಿತು. ನಮ್ಮ ಬೀದಿಯ ಆಯುರ್ವೇದ ಡಾಕ್ಟರು ಬರೆದುಕೊಟ್ಟದ್ದನ್ನು ಒಪ್ಪಲಿಲ್ಲ. ಎಂಬಿಬಿಎಸ್ ಡಾಕ್ಟರೇ ಆಗಬೇಕು, ಸೀಲ್‌ನಲ್ಲಿ ರಿಜಿಸ್ಟ್ರೇಷನ್ ನಂಬರ್ ಇರಬೇಕು ಅಂದರು. ಅವತ್ತು ಭಾನುವಾರ. ನಮ್ಮ ಮಕ್ಕಳ ಡಾಕ್ಟರು ಸಿಗೋದು ಸೋಮವಾರ ಸಂಜೆ. ಅಷ್ಟರಲ್ಲಿ ಏಳು ಗಂಟೆಯ ಬ್ಯಾಚ್ ಭರ್ತಿ. ಸಿಕ್ಕಿದ್ದು ಆರೂವರೆಯದು. ಶಿಬಿರದ ಅರ್ಜಿ ಕೊಡೋಕೆ ಶುರುಮಾಡುವ ಮುಂಚೆಯೇ ಈ ಸರ್ಟಿಫಿಕೇಟ್ ಮಾಡಿಸಿ ಇಟ್ಟುಕೊಳ್ಳಿ.

ಡಾಕ್ಟರು ಸುಮ್ನೆ ಸೀಲ್ ಒತ್ತಲಿಲ್ಲ ಅನ್ನೋದು ಸಮಾಧಾನ. ಫಿಟ್ಸ್ ಬಂದಿದೆಯಾ, ವೀಸಿಂಗ್, ಅಂದರೆ ಉಸಿರಾಡುವಾಗ ಸುಯ್ ಅನ್ನುವ ಸದ್ದು ಇದೆಯಾ, ಕಿವಿ ಸೋರುತ್ತಾ ಅಂತ ಕೇಳಿದರು. ಕಿವಿಯೊಳಗೆ ಲೈಟ್ ಬಿಟ್ಟು ನೋಡಿದರು. ಇದರಲ್ಲಿ ಯಾವುದಾದರೂ ಇದ್ದರೆ ಮುಚ್ಚಿಡಬೇಡಿ, ಡಾಕ್ಟರಿಗೂ ಹೇಳಿ, ಕೋಚ್‌ಗೂ ಹೇಳಿ. ಮುಚ್ಚಳಿಕೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಹಿಂದಿನ ಪುಟ ಓದಿ. ಸಣ್ಣ ಅಕ್ಷರದಲ್ಲಿ ಎರಡು ಸಾಲು ಇರುತ್ತೆ: ತಪ್ಪಿದ ಕ್ಲಾಸಿಗೆ ಬದಲಿ ಕ್ಲಾಸ್ ಇಲ್ಲ, ಶುಲ್ಕ ಹಿಂತಿರುಗಿಸುವುದಿಲ್ಲ. ಮುಂದೆ ಇದು ನಮಗೆ ತಗುಲಿತು.

ಅಂಗಡಿಗೆ ಹೋದಾಗ ಕಾಸ್ಟ್ಯೂಮ್ ಒಂದು ಸೈಜ್ ದೊಡ್ಡದೇ ತೊಗೊಳ್ಳಿ, ಮುಂದಿನ ವರ್ಷಕ್ಕೂ ಬರುತ್ತೆ ಅಂತ ಅಂಗಡಿಯವರು ಹೇಳ್ತಾರೆ. ಬೇಡ. ನೀರಿಗಿಳಿದರೆ ಅದು ಹಿಗ್ಗುತ್ತೆ, ಭುಜದಿಂದ ಜಾರುತ್ತೆ, ಮಗುವಿನ ಗಮನ ಎಲ್ಲ ಪಟ್ಟಿ ಎಳೆದುಕೊಳ್ಳೋದರಲ್ಲೇ ಹೋಗುತ್ತೆ. ಮೊಣಕಾಲವರೆಗೆ ಬರುವ ಕಾಸ್ಟ್ಯೂಮ್ 850 ರೂಪಾಯಿ. ಕಾಟನ್ ಟೀ ಶರ್ಟ್, ಲೆಗಿಂಗ್ಸ್ ಹಾಕಿಕೊಂಡು ಇಳಿಯೋಕೆ ಬಿಡೋಲ್ಲ. ನೀರು ಕುಡಿದು ಭಾರ ಆಗುತ್ತೆ, ಅದಕ್ಕೆ. ಕ್ಯಾಪ್ 120 ರೂಪಾಯಿಯ ಲೇಟೆಕ್ಸ್‌ನದು ಮೊದಲು ತಂದೆವು. ಅದು ಕೂದಲನ್ನು ಹಿಡಿದು ಕೀಳುತ್ತಿತ್ತು, ಪ್ರತಿ ಬೆಳಿಗ್ಗೆ ರಂಪ. 280 ಕೊಟ್ಟು ಸಿಲಿಕಾನ್ ಕ್ಯಾಪ್ ತಂದ ಮೇಲೆ ಶಾಂತಿ. ಗಾಗಲ್ಸ್ 450. ಕೊಳ್ಳುವಾಗ ಪಟ್ಟಿ ಹಾಕದೆ ಬರೀ ಕಣ್ಣಿಗೆ ಒತ್ತಿ ಬಿಡಿ. ಒಂದೆರಡು ಕ್ಷಣ ಹಾಗೇ ಅಂಟಿಕೊಂಡಿದ್ದರೆ ಆ ಮುಖಕ್ಕೆ ಅದು ಸರಿ. ಕೈಗೆ ಕಟ್ಟುವ ಗಾಳಿ ತುಂಬಿದ ತೋಳುಪಟ್ಟಿ ತರಬೇಡಿ ಅಂತ ಕೋಚ್ ಖಡಾಖಂಡಿತವಾಗಿ ಹೇಳಿದರು. ಅದು ಮಗುವನ್ನು ನೀರಲ್ಲಿ ನೆಟ್ಟಗೆ ನಿಲ್ಲಿಸುತ್ತೆ. ಈಜೋಕೆ ಮಲಗಬೇಕು, ನಿಲ್ಲೋದಲ್ಲ. ಅದಕ್ಕಿಂತ ಹೆಚ್ಚಾಗಿ, ನನಗೆ ತೇಲೋಕೆ ಬರುತ್ತೆ ಅನ್ನುವ ಸುಳ್ಳು ಧೈರ್ಯ ಮಗುವಿಗೂ ಬರುತ್ತೆ, ಅಪ್ಪ-ಅಮ್ಮನಿಗೂ ಬರುತ್ತೆ.

ಇಷ್ಟೆಲ್ಲ ತಯಾರಿ ಮಾಡಿಕೊಂಡು ಮೊದಲ ದಿನ ಹೋದರೆ ನಾನು ಯೋಚಿಸದೇ ಇದ್ದ ಒಂದು ಅಡ್ಡಿ ಬಾಗಿಲಲ್ಲೇ ನಿಂತಿತ್ತು. ಹೆಂಡತಿಗೆ ಆ ತಿಂಗಳು ಪಿಯುಸಿ ಮೌಲ್ಯಮಾಪನದ ಡ್ಯೂಟಿ. ಕರೆದುಕೊಂಡು ಹೋಗುವವನು ನಾನು. ಮಗಳು ಹೋಗಬೇಕಾದದ್ದು ಹೆಂಗಸರ ಬಟ್ಟೆ ಬದಲಿಸುವ ಕೋಣೆಗೆ. ನಾನು ಒಳಗೆ ಹೋಗುವ ಹಾಗಿಲ್ಲ. ಅದು ಸರಿಯೇ. ಆದರೆ ಏಳು ವರ್ಷದ ಮಗು ಒದ್ದೆ ಕಾಸ್ಟ್ಯೂಮ್ ಒಬ್ಬಳೇ ಬಿಚ್ಚೋದು ಸುಲಭ ಅಲ್ಲ, ಮೈಗೆ ಅಂಟಿಕೊಂಡು ಸುರುಳಿ ಸುತ್ತಿಕೊಳ್ಳುತ್ತೆ. ಗೇಟಿನಲ್ಲಿದ್ದ ಆಯಮ್ಮ "ನಾನು ನೋಡ್ಕೋತೀನಿ ಬಿಡಿ ಸಾರ್" ಅಂದರು. ಒಳ್ಳೆಯವರೇ. ಆದರೂ ಮಗಳ ಮೈ ಬೇರೆಯವರು ಮುಟ್ಟುವ ಅಭ್ಯಾಸ ಬೇಡ ಅಂತ ನಾವಿಬ್ಬರೂ ಮಾತಾಡಿಕೊಂಡೆವು. ಮನೆಯಲ್ಲೇ ಕಾಸ್ಟ್ಯೂಮ್ ಒದ್ದೆ ಮಾಡಿ, ಭುಜದಿಂದ ಕೆಳಕ್ಕೆ ಹೇಗೆ ಸುತ್ತುತ್ತಾ ತೆಗೆಯಬೇಕು ಅಂತ ಅವರಮ್ಮ ಹೇಳಿಕೊಟ್ಟಳು. ಹೋಗುವಾಗ ಕಾಸ್ಟ್ಯೂಮ್ ಮನೆಯಿಂದಲೇ ಹಾಕಿಸಿ, ಮೇಲೊಂದು ಫ್ರಾಕ್. ಹೀಗೆ ಮಾಡುವವರು ಬ್ಯಾಗಿನಲ್ಲಿ ಒಳ ಉಡುಪು ಇದೆಯಾ ಅಂತ ನೋಡಿಕೊಳ್ಳಿ. ನಮ್ಮ ಬ್ಯಾಚಿನಲ್ಲಿ ವಾರಕ್ಕೊಂದು ಮಗು ಅದಿಲ್ಲದೆ ಮನೆಗೆ ಹೋಗುತ್ತಿತ್ತು.

ಇನ್ನೊಂದು ರಗಳೆ ಎಣ್ಣೆಯದು. ಕ್ಲೋರಿನ್‌ಗೆ ಕೂದಲು ಹಾಳಾಗುತ್ತೆ ಅಂತ ನಮ್ಮತ್ತೆ ಮೊಮ್ಮಗಳ ತಲೆಗೆ ಕೊಬ್ಬರಿ ಎಣ್ಣೆ ತೊಟ್ಟಿಕ್ಕುವ ಹಾಗೆ ಹಚ್ಚಿ ಕಳಿಸಿದರು. ಪೂಲ್‌ನವರು ಶವರ್ ಹತ್ತಿರವೇ ವಾಪಸ್ ಕಳಿಸಿದರು, ಎಣ್ಣೆ ನೀರಿನ ಮೇಲೆ ತೇಲುತ್ತೆ ಅಂತ. ಅದಕ್ಕೆ ಬದಲು ಮಾಡಬೇಕಾದದ್ದು ಇಷ್ಟೇ: ಇಳಿಯುವ ಮುಂಚೆ ಶವರ್‌ನಲ್ಲಿ ತಲೆ ಪೂರ್ತಿ ನೆನೆಸಬೇಕು. ಆಗಲೇ ಸಿಹಿನೀರು ಕುಡಿದ ಕೂದಲು ಪೂಲ್ ನೀರನ್ನು ಅಷ್ಟಾಗಿ ಹೀರೋಲ್ಲ. ಬಂದ ಮೇಲೆ ಚೆನ್ನಾಗಿ ತೊಳೆದು ಎಷ್ಟು ಬೇಕೋ ಅಷ್ಟು ಎಣ್ಣೆ ಹಚ್ಚಿ. "ಕಪ್ಪಾಗ್ತಾಳೆ" ಅನ್ನುವ ಮಾತಿಗೆ ಮಾತ್ರ ನಾನು ಉತ್ತರ ಕೊಡಲಿಲ್ಲ. ಹೆಣ್ಣುಮಕ್ಕಳನ್ನು ಪೂಲ್‌ನಿಂದ ಬಿಡಿಸೋಕೆ ಈ ಒಂದು ಮಾತು ಸಾಕಾಗುತ್ತೆ ನಮ್ಮಲ್ಲಿ. ಮಗಳ ಕಿವಿಗೆ ಬೀಳದ ಹಾಗೆ ನೋಡಿಕೊಂಡೆವು, ಅಷ್ಟೇ.

ಮೊದಲ ದಿನಗಳಲ್ಲಿ ಮಗಳು ಮೆಟ್ಟಿಲಿಂದ ಕೆಳಗೆ ಇಳಿಯಲೇ ಇಲ್ಲ. ಎರಡನೇ ಮೆಟ್ಟಿಲು, ಮೊಣಕಾಲಿನವರೆಗೆ ನೀರು, ಎರಡೂ ಕೈ ಸ್ಟೀಲ್ ಕಂಬಿ ಮೇಲೆ. ಬೆರಳು ಬೆಳ್ಳಗಾಗುವಷ್ಟು ಬಿಗಿ ಹಿಡಿತ. ಹೊಸಬರ ಗುಂಪು ನೋಡಿಕೊಳ್ಳುತ್ತಿದ್ದ ಮೇಡಂ ಅವಳ ಕೈ ಬಿಡಿಸಲಿಲ್ಲ. ಒಂದು ಪ್ಲಾಸ್ಟಿಕ್ ಮಗ್ ಕೊಟ್ಟು, "ಪುಟ್ಟಿ, ಈ ಮೆಟ್ಟಿಲಿಗೆ ಸ್ನಾನ ಮಾಡಿಸ್ತೀಯಾ?" ಅಂದರು. ಕಂಬಿಯಿಂದ ಒಂದು ಕೈ ತಾನಾಗಿ ಬಿಟ್ಟಿತು. ಮೆಟ್ಟಿಲಿಗೆ ಸ್ನಾನ ಆಯ್ತು, ಮೇಡಂ ಕೈಗೆ ಆಯ್ತು, ಮೇಡಂ ತಲೆಗೂ ಆಯ್ತು. ತನ್ನ ಭುಜಕ್ಕೆ ತಾನೇ ಸುರಿದುಕೊಳ್ಳುವ ಹೊತ್ತಿಗೆ ಆ ದಿನದ ಕ್ಲಾಸ್ ಮುಗಿದಿತ್ತು. ಪಕ್ಕದ ಗುಂಪಿನಲ್ಲಿ ಒಬ್ಬ ಹುಡುಗನನ್ನು "ಹೀಗೆ ಮಾಡಿದ್ರೇನೇ ಭಯ ಹೋಗೋದು" ಅಂತ ಹಿಡಿದು ಮುಳುಗಿಸಿದರು. ಅವನು ಮಾರನೇ ದಿನದಿಂದ ಬರಲಿಲ್ಲ.

ಗ್ರಿಲ್ ಆಚೆ ಬೆಂಚಿನ ಮೇಲೆ ಕೂರುವ ನಮ್ಮದೇ ಒಂದು ಲೋಕ. "ಕಾಲು ಹೊಡಿ, ಕಾಲು ಹೊಡಿ" ಅಂತ ಕೂಗುವವರು. "ಆ ಪಿಂಕ್ ಕ್ಯಾಪ್ ಹುಡುಗಿ ನೋಡು, ನಿನಗಿಂತ ಚಿಕ್ಕವಳು" ಅನ್ನುವವರು. ಇಡೀ ಗಂಟೆ ವಿಡಿಯೋ ಮಾಡುವವರು. ಇಳಿದರೆ ಐಸ್‌ಕ್ರೀಂ ಅಂತ ಲಂಚ ತೋರಿಸುವವರು. ಮೇಡಂ ಒಂದು ದಿನ ಬಂದು ನಯವಾಗಿ ಹೇಳಿದರು: "ನೀವು ಕರೆದರೆ ಮಗು ನಿಮ್ಮ ಕಡೆ ತಿರುಗುತ್ತೆ. ತಿರುಗಿದರೆ ಬಾಯಿಗೆ ನೀರು ಹೋಗುತ್ತೆ. ಬಾಯಿಗೆ ನೀರು ಹೋದರೆ ನಾಳೆ ಬರಲ್ಲ ಅನ್ನುತ್ತೆ." ಅವತ್ತಿನಿಂದ ನಾನು ಬೆಂಚಿನ ಕೊನೆಗೆ, ಅವಳಿಗೆ ಕಾಣಿಸುವ ಆದರೆ ಮಾತು ಕೇಳಿಸದ ಜಾಗದಲ್ಲಿ ಕೂರುತ್ತಿದ್ದೆ. ಅವಳು ನೋಡಿದಾಗ ಕೈ ಎತ್ತೋದು, ಅಷ್ಟೇ ನನ್ನ ಕೆಲಸ. ಫೋನ್ ಜೇಬಿನಲ್ಲಿ.

ಹಾಗಂದರೆ ಅಪ್ಪ-ಅಮ್ಮನಿಗೆ ಕೆಲಸವೇ ಇಲ್ಲ ಅಂತಲ್ಲ. ಪೂಲ್ ಹೊರಗೆ ಬೇಕಾದಷ್ಟಿದೆ. ಮೂಗು ಬಾಯಿಯಿಂದ ನೀರಿನೊಳಗೆ ಉಸಿರು ಬಿಡೋದು, ಅಂದರೆ ಗುಳ್ಳೆ ಬಿಡೋದು, ಈಜಿನ ಮೊದಲ ಪಾಠ. ಇದನ್ನು ಮನೆಯಲ್ಲೇ ಪಾತ್ರೆ ತೊಳೆಯುವ ಟಬ್‌ನಲ್ಲಿ ಮಾಡಿಸಬಹುದು. ಸಂಜೆ ಹಜಾರದಲ್ಲಿ ಟಬ್ ಇಟ್ಟು ಮೊದಲು ತುಟಿ, ಆಮೇಲೆ ಮೂಗು, ಆಮೇಲೆ ಗಾಗಲ್ಸ್ ಹಾಕಿ ಪೂರ್ತಿ ಮುಖ. ಒಳಗೆ ಚಮಚ ಹಾಕಿ, ಎಷ್ಟಿದೆ ಎಣಿಸು ಅಂದರೆ ಆಟ ಆಗುತ್ತೆ. ಒಬ್ಬರು ಪಕ್ಕದಲ್ಲೇ ಕೂತಿರಬೇಕು, ಮುಗಿದ ಕೂಡಲೇ ನೀರು ಚೆಲ್ಲಿಬಿಡಬೇಕು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ತುಂಬಿದ ಬಕೆಟ್ಟೂ ಅಪಾಯವೇ. ಉಸಿರು ಹಿಡಿಯುವ ಪಂದ್ಯ ಮಾತ್ರ ಆಡಿಸಬೇಡಿ. ಕಲಿಯಬೇಕಾದದ್ದು ಉಸಿರು ಬಿಡೋದು.

ತಿಂಡಿ ಲೆಕ್ಕವೂ ಬೇಗ ಗೊತ್ತಾಯಿತು. ಆರೂವರೆ ಬ್ಯಾಚಿಗೆ ಹೊಟ್ಟೆ ತುಂಬಾ ತಿನ್ನಿಸಿದರೆ ನೀರಲ್ಲಿ ಒದ್ದಾಡುವಾಗ ವಾಂತಿ ಬರುತ್ತೆ. ಖಾಲಿ ಹೊಟ್ಟೆಯಲ್ಲಿ ಹೋದರೆ ಅರ್ಧಕ್ಕೇ ನಡುಗೋಕೆ ಶುರು. ಅರ್ಧ ಬಾಳೆಹಣ್ಣು, ಸ್ವಲ್ಪ ಹಾಲು ಸರಿಹೋಯಿತು. ಬಂದ ಮೇಲಿನ ಹಸಿವು ಬೇರೆಯದೇ. ದಿನಾ ಒಂದೂವರೆ ದೋಸೆಗೆ ಸಾಕು ಅನ್ನುತ್ತಿದ್ದವಳು ದರ್ಶಿನಿಯಲ್ಲಿ ನನ್ನ ತಟ್ಟೆಗೂ ಕೈ ಹಾಕುತ್ತಿದ್ದಳು. ಸ್ಕೂಟರ್ ಮೇಲೆ ವಾಪಸ್ ಬರುವಾಗ ನಾನು ಈಜಿನ ಮಾತೇ ಎತ್ತುತ್ತಿರಲಿಲ್ಲ. ಇವತ್ತು ಎಷ್ಟು ದೂರ ಹೋದೆ, ಯಾಕೆ ಹೋಗಲಿಲ್ಲ ಅಂತ ಕೇಳಿದರೆ ಇನ್ನೊಂದು ಪರೀಕ್ಷೆ ಆಗಿಬಿಡುತ್ತೆ. ತಾನಾಗಿ ಹೇಳಿದರೆ ಕೇಳೋದು. ಹೇಳ್ತಿದ್ದಳು ಕೂಡ, ರಾತ್ರಿ ಮಲಗುವಾಗ, ಅವರಮ್ಮನ ಹತ್ತಿರ.

ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟದ್ದು ಬೆಂಗಳೂರಿನ ಈಜುಗಾರ್ತಿ ನಿಶಾ ಮಿಲೆಟ್ ಅವರ ಕಥೆ. ಐದನೇ ವಯಸ್ಸಿಗೆ ನೀರಿನಲ್ಲಿ ಮುಳುಗುವಂತಾಗಿ ಪಾರಾದವರು ಅವರು. ಆ ಭಯ ಹೋಗಲಿ ಅಂತಲೇ ಅವರ ತಂದೆ ಈಜಿಗೆ ಹಚ್ಚಿದರು. ಕ್ಲಾಸಿಗೆ ಇಳಿದದ್ದು ಕೆಲವು ವರ್ಷ ಕಳೆದ ಮೇಲೆ, 1991ರಲ್ಲಿ. 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ಹೋದರು. ನನ್ನ ಮಗಳು ಒಲಿಂಪಿಕ್ಸ್‌ಗೆ ಹೋಗಬೇಕಾಗಿಲ್ಲ. ಆದರೆ ಭಯಕ್ಕೆ ಅಷ್ಟು ಸಮಯ ಹಿಡಿಯಬಹುದು ಅನ್ನೋದಾದರೆ ಎರಡನೇ ಮೆಟ್ಟಿಲ ಮೇಲೆ ಒಂದು ವಾರ ನಿಂತರೆ ಏನು ಮಹಾ, ಅಲ್ವಾ?

ಆಮೇಲೆ ಸ್ವಲ್ಪ ವೇಗ ಬಂತು. ಗೋಡೆ ಹಿಡಿದು ಕಾಲು ಬಡಿಯೋದು, ಕಿಕ್ ಬೋರ್ಡ್ ಅನ್ನುವ ತೇಲುವ ಹಲಗೆ ಹಿಡಿದು ಮೇಡಂ ಪಕ್ಕದಲ್ಲಿ ಸಾಗೋದು. ಅಷ್ಟರಲ್ಲಿ ಒಂದು ಬೆಳಿಗ್ಗೆ ಐದೂಮುಕ್ಕಾಲಿಗೆ ಗ್ರೂಪ್‌ನಲ್ಲಿ ಮೆಸೇಜು: ಫಿಲ್ಟರ್ ಮೋಟರ್ ಕೆಟ್ಟಿದೆ, ಮುಂದಿನ ಸೂಚನೆವರೆಗೆ ಕ್ಲಾಸ್ ಇಲ್ಲ. ಮತ್ತೆ ಶುರುವಾದಾಗ ಮೇಡಂ ಇರಲಿಲ್ಲ, ಸ್ಪರ್ಧೆ ತಂಡದ ಜೊತೆ ಬೇರೆ ಊರಿಗೆ ಹೋಗಿದ್ದರು. ಬದಲಿಗೆ ಬಂದ ಸರ್‌ಗೆ ಅವಸರ. ಹೊಸಬರನ್ನೆಲ್ಲ ಆಳದ ಕಡೆಗೆ ಸಾಲಾಗಿ ನಿಲ್ಲಿಸಿ ಜಿಗಿಯೋಕೆ ಹೇಳಿದರು. ಮಗಳು ಹಿಂದೆ ಸರಿದು ಗೋಡೆಗೆ ಒರಗಿ ನಿಂತಳು. ನಾನು ಗ್ರಿಲ್ ಹತ್ತಿರ ಹೋಗಿ ಕೂಗಾಡಲಿಲ್ಲ. ಮಕ್ಕಳೆಲ್ಲ ಬಟ್ಟೆ ಬದಲಿಸೋಕೆ ಹೋದ ಮೇಲೆ ಮಾತಾಡಿಸಿದೆ. "ಸರ್, ಇವಳಿಗೆ ಇನ್ನೂ ಬೆನ್ನ ಮೇಲೆ ತೇಲೋಕೆ ಬರೋಲ್ಲ. ಅದು ಬರುವವರೆಗೆ ಮೂರು ಅಡಿಯಲ್ಲೇ ಬಿಡಿ. ಶಿಬಿರ ಮುಗಿಯುವ ಹೊತ್ತಿಗೆ ಜಿಗಿಯದಿದ್ದರೂ ನಾನು ಕೇಳಲ್ಲ." ಅವರ ಮುಖ ಸಡಿಲಾಯಿತು. ಅಪ್ಪ-ಅಮ್ಮಂದಿರು ದುಡ್ಡು ಕೊಟ್ಟಿದ್ದೀವಿ, ಇನ್ನೂ ಜಿಗಿಸಿಲ್ಲ ಅಂತ ಜಗಳಕ್ಕೆ ಬರ್ತಾರೆ ಸಾರ್ ಅಂದರು. ಅವಸರ ಯಾರದ್ದು ಅಂತ ಆಗ ಗೊತ್ತಾಯಿತು.

ಮೇ ಶುರುವಿನಲ್ಲಿ ಕಿವಿ ನೋವು. ಕಿವಿಯ ಹಾಲೆ ಮುಟ್ಟಿದರೆ ಚೀರುತ್ತಿದ್ದಳು. ಇಎನ್‌ಟಿ ಡಾಕ್ಟರು ನೋಡಿ, ಹೊರಕಿವಿಯ ನಾಳದಲ್ಲಿ ಸೋಂಕು, ಒಳಗೆ ಒದ್ದೆ ಉಳಿದರೆ ಈಜುವವರಿಗೆ ಬರುವಂಥದ್ದೇ ಅಂದರು. ಕಿವಿಗೆ ಹಾಕೋಕೆ ಡ್ರಾಪ್ಸ್, ಕೆಲವು ದಿನ ನೀರಿಗೆ ರಜೆ. ಕನ್ಸಲ್ಟೇಷನ್ನು, ಔಷಧಿ ಸೇರಿ 750 ರೂಪಾಯಿ. ಈ ಕ್ಲಾಸುಗಳು ಹಿಂದಿನ ಪುಟದ ಸಣ್ಣ ಅಕ್ಷರದ ಪಾಲು. ನೀರಿಂದ ಬಂದ ಕೂಡಲೇ ತಲೆ ಒಂದು ಕಡೆ ವಾಲಿಸಿ, ಹಾಲೆ ಮೆಲ್ಲಗೆ ಎಳೆದು, ನೀರು ಇಳಿಯೋಕೆ ಬಿಡಬೇಕು. ಹೊರಗೆ ಟವೆಲ್‌ನಿಂದ ಒರೆಸಬೇಕು. ಬಡ್ಸ್ ಹಾಕಬಾರದು, ಬಿಸಿ ಎಣ್ಣೆ ಬಿಡಲೇಬಾರದು. ಇದು ನಮ್ಮತ್ತೆಗೆ ಎರಡನೇ ಸೋಲು.

ಅದೇ ಸಮಯಕ್ಕೆ ಅಪ್ಪ ಊರಿಂದ ಬಂದಿದ್ದರು. ಮಗಳು ಮತ್ತೆ ಇಳಿದ ದಿನ ನನ್ನ ಪಕ್ಕ ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ನೋಡಿದರು. ಮಕ್ಕಳೆಲ್ಲ ಗೋಡೆ ಹಿಡಿದು ಗುಳ್ಳೆ ಬಿಡುತ್ತಿದ್ದರು. "ಇಷ್ಟು ದುಡ್ಡು ಇಸ್ಕೊಂಡು ಉಸಿರು ಬಿಡೋದು ಹೇಳಿಕೊಡ್ತಾರೇನೋ?" ಅಂದರು. ನಿಮಗೆ ಯಾರು ಹೇಳಿಕೊಟ್ಟರು ಅಂದೆ. "ಯಾರೂ ಇಲ್ಲ. ತಳ್ಳೋರು. ಕುಡಿದಷ್ಟು ನೀರು ಕುಡಿದು ಮೇಲೆ ಬರೋದು." ಸ್ವಲ್ಪ ಸುಮ್ಮನಿದ್ದು, ತಮ್ಮ ಜೊತೆ ಇಳಿಯುತ್ತಿದ್ದ ಒಬ್ಬ ಹುಡುಗ ಮೇಲೆ ಬರಲಿಲ್ಲ ಅಂತ ಹೇಳಿದರು. ನಾನು ಈ ಮಾತು ಅವರ ಬಾಯಲ್ಲಿ ಮೊದಲು ಕೇಳಿರಲಿಲ್ಲ. ಆಮೇಲೆ ಅವರು ಫೀ ವಿಷಯ ಎತ್ತಲಿಲ್ಲ.

ಮೇಡಂ ವಾಪಸ್ ಬಂದ ಮೇಲೆ ಮಗಳು ಬೆನ್ನ ಮೇಲೆ ತೇಲೋದು ಕಲಿತಳು. ಮಕ್ಕಳಿಗೆ ಇದು ಕಾಲು ಬಡಿಯೋದಕ್ಕಿಂತ ಕಷ್ಟ, ಯಾಕೆಂದರೆ ಕಿವಿ ನೀರೊಳಗೆ ಹೋಗುತ್ತೆ, ಸದ್ದು ನಿಲ್ಲುತ್ತೆ, ಅಪ್ಪ ಕಾಣಿಸೋಲ್ಲ. ಮೇಡಂ ತಲೆಯ ಕೆಳಗೆ ಅಂಗೈ ಇಟ್ಟು, "ಹೊಟ್ಟೆ ಮೇಲೆ ಎತ್ತು, ಚಾವಣಿ ಫ್ಯಾನ್ ನೋಡು" ಅನ್ನುತ್ತಿದ್ದರು. ಅಂಗೈ ಎರಡು ಬೆರಳಾಯಿತು, ಎರಡು ಬೆರಳು ಒಂದಾಯಿತು. ಮೊದಲು ಇದನ್ನೇ ಕಲಿಸಿ ಅಂತ ನೀವು ಕೇಳಬಹುದು. ಸುಸ್ತಾದರೂ, ಹೆದರಿದರೂ ತಿರುಗಿ ಮಲಗಿ ಉಸಿರಾಡುವುದು ಗೊತ್ತಿದ್ದರೆ ಯಾರಾದರೂ ಬರುವವರೆಗೆ ಸಮಯ ಸಿಗುತ್ತೆ. ಫ್ರೀಸ್ಟೈಲ್ ಚೆಂದ ಕಾಣೋದು ಆಮೇಲೆ ನೋಡಿಕೊಳ್ಳಬಹುದು.

ಕೊನೆಯ ದಿನ ಪೋಷಕರನ್ನೆಲ್ಲ ಗ್ರಿಲ್ ಒಳಗೆ ಕರೆದರು. ಸರ್ಟಿಫಿಕೇಟ್ ಹಂಚಿದರು, ಫೋಟೋ ಆಯ್ತು. ಮೇಡಂ ಹೇಳಿದ ಒಂದು ಮಾತು ನಾನು ಎಲ್ಲರಿಗೂ ಹೇಳ್ತಾ ಇದ್ದೀನಿ. ಮುಳುಗುವ ಮಗು ಕೂಗೋಲ್ಲ, ಕೈ ಬೀಸೋಲ್ಲ. ಬಾಯಿ ನೀರಿನ ಮಟ್ಟದಲ್ಲಿ ಇರುತ್ತೆ, ಉಸಿರಿಗೇ ಸಾಲದು, ಕೂಗು ಎಲ್ಲಿಂದ ಬರಬೇಕು? ಸದ್ದಿಲ್ಲದೆ ಆಗಿಹೋಗುತ್ತೆ. ಆದ್ದರಿಂದ ಮಗುವಿಗೆ ಈಜು ಬಂದರೂ ನೀರಿನ ಹತ್ತಿರ ದೊಡ್ಡವರು ಒಬ್ಬರು ಕೈಗೆ ಎಟಕುವ ದೂರದಲ್ಲಿರಬೇಕು, ಫೋನ್ ಇಲ್ಲದೆ.

ಖರ್ಚಿನ ಲೆಕ್ಕ ಕೇಳಿದವರಿಗೆ: ಶಿಬಿರದ ಫೀ 4,200, ಐಡಿ ಕಾರ್ಡ್ 100, ಫಿಟ್‌ನೆಸ್ ಸರ್ಟಿಫಿಕೇಟ್ 200, ಬಟ್ಟೆ-ಕ್ಯಾಪ್-ಗಾಗಲ್ಸ್ 1,700, ಕಿವಿ 750. ಒಟ್ಟು 6,950 ರೂಪಾಯಿ. ಪೆಟ್ರೋಲು, ದೋಸೆ ಸೇರಿಸಿಲ್ಲ.

ಮಗಳಿಗೆ ಈಗ ಏನು ಬರುತ್ತೆ? ನೀರೊಳಗೆ ಕಣ್ಣು ಬಿಡ್ತಾಳೆ, ಬೆನ್ನ ಮೇಲೆ ಒಂದಷ್ಟು ಹೊತ್ತು ತೇಲ್ತಾಳೆ, ಪೂಲ್‌ನ ಅಗಲವನ್ನು ಬೋರ್ಡ್ ಇಲ್ಲದೆ ದಾಟ್ತಾಳೆ, ಮಧ್ಯೆ ಒಮ್ಮೆ ನಿಂತು. ಉದ್ದ ದಾಟೋಕೆ ಬರೋಲ್ಲ. ಜಿಗಿಯೋಲ್ಲ. ಜುಲೈ ಬ್ಯಾಚಿಗೆ ಹೆಸರು ಕೊಟ್ಟಿದ್ದೇವೆ. ಫಿಟ್‌ನೆಸ್ ಸರ್ಟಿಫಿಕೇಟ್ ಮತ್ತೆ ಹೊಸದೇ ಬೇಕಂತೆ, ಹಳೆಯದು ನಡೆಯೋಲ್ಲ.

ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಈಜು ಕಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನೀರಿಗೆ ಅಡ್ಡ ಬೇಲಿ ಹಾಕಿ ಅನ್ನೋದೂ ಅದೇ ಪಟ್ಟಿಯಲ್ಲಿದೆ. ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಜೊತೆ ತಂತಿ ಬೇಲಿಯೂ ಸೇರಿದೆ, ನಮ್ಮದಕ್ಕೆ ಮಾತ್ರ ಇನ್ನೂ ಹಾಕಿಸಿರಲಿಲ್ಲ. ಅಪ್ಪ ಊರಿಗೆ ವಾಪಸ್ ಹೋದವರು ಮೊನ್ನೆ ಫೋನ್ ಮಾಡಿದ್ದರು. ರೈತ ಸಂಪರ್ಕ ಕೇಂದ್ರದಲ್ಲಿ ಬೇಲಿಗೆ ಅರ್ಜಿ ವಿಚಾರಿಸಿದ್ದಾರೆ. ಅಷ್ಟರವರೆಗೆ ಇರಲಿ ಅಂತ ಹೊಂಡದ ನಾಲ್ಕೂ ಮೂಲೆಗೆ ಗೂಟ ಹೊಡೆದು, ಗಂಟು ಹಾಕಿದ ದಪ್ಪ ಹಗ್ಗ ನೀರಿನೊಳಗಿನವರೆಗೆ ಇಳಿಬಿಟ್ಟಿದ್ದಾರೆ, ಬಿದ್ದವರಿಗೆ ಹಿಡಿದು ಹತ್ತೋಕೆ. ಒಂದು ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬ್ ಕೂಡ ಕಟ್ಟಿಡಿ ಅಂದೆ. ಶಿರಾದಲ್ಲಿ ಹಳೆಯದು ಎಷ್ಟಕ್ಕೆ ಸಿಗುತ್ತೆ ಅಂತ ಕೇಳಿ ಹೇಳ್ತೀನಿ ಅಂದರು.